ಬೇಟೆ ನಿಂತ ಕಾಡು

ಗುಂಡ್ಲುಪೇಟೆ ದಾಟಿ ಊಟಿಯ ಕಡೆ ಹೊರಟರೆ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟು ಸಿಗುತ್ತದೆ. ಅಲ್ಲಿಂದ ಮುಂದೆ ರಸ್ತೆಯ ಅಂಚಿನಲ್ಲೇ ಜಿಂಕೆಗಳು ಮೇಯುತ್ತಿರುತ್ತವೆ. ವಾಹನದ ಸದ್ದಿಗೆ ತಲೆ ಎತ್ತಿ ನೋಡುತ್ತವೆ, ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತವೆ. ಮನುಷ್ಯನನ್ನು ಕಂಡರೆ ಓಡಬೇಕಾಗಿಲ್ಲ ಎಂಬ ಈ ನೆಮ್ಮದಿ ತಾನಾಗಿ ಬಂದದ್ದಲ್ಲ. ಅದು ಹೇಗೆ ಬಂತು, ಯಾರಿಂದ ಬಂತು ಎನ್ನುವುದೇ ಇಂದಿನ ಮಾತು.

ಯೋಚನೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಅಭಯವನಗಳನ್ನು ಹೆಸರಿಸುತ್ತದೆ. ಅಲ್ಲಿನ ಮೃಗ, ಪಕ್ಷಿ, ಮೀನುಗಳನ್ನು ಹಿಡಿದವರಿಗೂ ಕೊಂದವರಿಗೂ ಅತಿ ಹೆಚ್ಚಿನ ದಂಡ ವಿಧಿಸಬೇಕು ಎನ್ನುತ್ತದೆ. ನೆರೆಯ ತಮಿಳುನಾಡಿನ ವೇಡಂತಾಂಗಲ್ ಕೆರೆಯ ಕಥೆ ನನಗೆ ಇನ್ನೂ ಇಷ್ಟ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸಿಪಾಯಿಗಳು ಅಲ್ಲಿ ಕೊಕ್ಕರೆಗಳಿಗೆ ಗುಂಡು ಹಾರಿಸಿದಾಗ ಊರವರು ನೇರವಾಗಿ ಕಲೆಕ್ಟರರ ಬಳಿ ಹೋಗಿ, ಹಕ್ಕಿಗಳನ್ನು ಮುಟ್ಟಕೂಡದೆಂದು ಕೌಲು ಬರೆಸಿಕೊಂಡು ಬಂದರು. ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರವಾಗುತ್ತದೆ ಎಂಬುದು ರೈತರಿಗೆ ಗೊತ್ತಿತ್ತು.

ಸರ್ಕಾರವೇ ತನ್ನ ನೆಲದ ಒಂದು ತುಂಡನ್ನು ಪ್ರಾಣಿಪಕ್ಷಿಗಳಿಗೆಂದು ಬಿಟ್ಟುಕೊಟ್ಟದ್ದರಲ್ಲಿ ಹೆಸರಾದದ್ದು ಅಮೆರಿಕದ ಫ್ಲಾರಿಡಾದ ಪೆಲಿಕನ್ ದ್ವೀಪ. ಹೆಂಗಸರ ಟೋಪಿಗಳ ಗರಿಗಾಗಿ ಅಲ್ಲಿ ಬೆಳ್ಳಕ್ಕಿಗಳ ವಸಾಹತುಗಳೇ ಬರಿದಾಗುತ್ತಿದ್ದ ಕಾಲ. 1903ರ ಮಾರ್ಚ್ 14ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿ, ಹೆಜ್ಜಾರ್ಲೆಗಳು ಗೂಡು ಕಟ್ಟುವ ಆ ಪುಟ್ಟ ದ್ವೀಪವನ್ನು ಕಾಯ್ದಿರಿಸಿದರು. ಕಾವಲಿಗೆ ನಿಂತವನು ಪಾಲ್ ಕ್ರೋಗೆಲ್ ಎಂಬ ದೋಣಿ ಕಟ್ಟುವ ವಲಸಿಗ. ಸಂಬಳ ತಿಂಗಳಿಗೆ ಒಂದು ಡಾಲರ್. ಅದನ್ನೂ ಸರ್ಕಾರ ಕೊಡಲಿಲ್ಲ, ಪಕ್ಷಿಪ್ರೇಮಿಗಳ ಸಂಘ ಕೊಟ್ಟಿತು. ಎರಡೇ ವರ್ಷದಲ್ಲಿ, 1905ರಲ್ಲಿ, ಅದೇ ಫ್ಲಾರಿಡಾದ ಇನ್ನೊಬ್ಬ ಕಾವಲುಗಾರ ಗೈ ಬ್ರಾಡ್ಲಿ ಗರಿ ಬೇಟೆಗಾರರನ್ನು ತಡೆಯಲು ಹೋಗಿ ಗುಂಡಿಗೆ ಬಲಿಯಾದ.

ಈಗ ನಮ್ಮ ಮೈಸೂರಿಗೆ ಬರೋಣ. ಇಲ್ಲಿ ಬೇಟೆ ಅರಮನೆಯ ಗೌರವದ ಭಾಗವಾಗಿತ್ತು. ವೈಸ್‌ರಾಯ್ ಬಂದರೆ ಹುಲಿ ಷಿಕಾರಿ, ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ. ಅಂಥ ಕಾಡಿನಲ್ಲಿ 1931ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಪ್ರದೇಶವನ್ನು ಬೇಟೆಯಿಂದ ಹೊರಗಿಟ್ಟರು. 1940ರಲ್ಲಿ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಅವರ ಮಾತಿಗೆ ಒಪ್ಪಿ ಕಾವೇರಿಯ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. ಮರುವರ್ಷ ಬಂಡೀಪುರದ ಸುತ್ತಲಿನ ಕಾಡು ಸೇರಿ ಸುಮಾರು 800 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಅಲ್ಲಿನ ಬೆಟ್ಟದ ಮೇಲಿನ ಗೋಪಾಲಸ್ವಾಮಿಯ ಹೆಸರು ಅದಕ್ಕೆ. ದೇವರ ಹೆಸರಿಟ್ಟವರ ಮನಸ್ಸನ್ನು ನಾನು ಮೆಚ್ಚುತ್ತೇನೆ. ದೇವರ ಕಾಡಿನಲ್ಲಿ ಕೊಡಲಿ ಎತ್ತಬಾರದು ಎಂಬ ಭಯಭಕ್ತಿ ಸುತ್ತಲ ಹಳ್ಳಿಗಳಲ್ಲಿ ಮೊದಲೇ ಇತ್ತು.

ಆದರೆ ಉದ್ಯಾನದ ಗಡಿಯ ಹೊರಗೆ ಪರವಾನಗಿ ಪಡೆದ ಬೇಟೆ ನಡೆದೇ ಇತ್ತು. ಒಳಗೂ ಮರ, ಬಿದಿರು ಕಡಿಯುವುದು ನಿಲ್ಲಲಿಲ್ಲ. 1955ರಲ್ಲಿ ಕೊಡಗು ನಾಗರಹೊಳೆಯನ್ನು ಅಭಯಧಾಮವೆಂದು ಸಾರಿತು. ಹಾಗೆ ಸಾರಿದ ಮೇಲೂ ಅಲ್ಲಿ ಕೋವಿಯ ಸದ್ದು ಅಡಗಲಿಲ್ಲ. ಆದೇಶಕ್ಕೆ ಜೀವ ಬಂದದ್ದು ಕೆ. ಎಂ. ಚಿಣ್ಣಪ್ಪನವರಂಥವರಿಂದ. ಕೆಳಗಿನ ಹುದ್ದೆಯಲ್ಲಿ ಸೇರಿ ರೇಂಜರ್ ಆದ ಅವರು ನಾಗರಹೊಳೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳ್ಳಬೇಟೆಯವರನ್ನೂ ಮರಗಳ್ಳರನ್ನೂ ಎದುರು ಹಾಕಿಕೊಂಡು ದುಡಿದರು.

ದೇಶದ ಕಾನೂನು ನಿಧಾನವಾಗಿ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮರುವರ್ಷ ಹುಲಿ ಯೋಜನೆ. ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಆಗಲೂ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಸಿಗುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು.

ಇವತ್ತು ಕೋವಿಗಿಂತ ಉರುಳಿನ ಭಯ ದೊಡ್ಡದು. ಬೈಕಿನ ಕ್ಲಚ್ ವೈರಿನ ಕುಣಿಕೆಯನ್ನು ಹಂದಿಯ ಜಾಡಿಗೆ ಕಟ್ಟಿರುತ್ತಾರೆ. ಸಿಕ್ಕಿಬೀಳುವುದು ಹುಲಿಯೂ ಆಗಬಹುದು, ಆನೆಮರಿಯ ಸೊಂಡಿಲೂ ಆಗಬಹುದು. ಆ ತೆಳ್ಳನೆಯ ತಂತಿಯನ್ನು ಲಂಟಾನ ಪೊದೆಯ ನೆರಳಲ್ಲಿ ಗುರುತಿಸಲು ಕಾಡಿನಲ್ಲೇ ಬೆಳೆದ ಕಣ್ಣು ಬೇಕು. ಕಳ್ಳಬೇಟೆ ತಡೆ ಶಿಬಿರಕ್ಕೆ ಹೋದರೆ ಕಾಣುತ್ತದೆ: ಸುತ್ತ ಆನೆ ಕಂದಕ, ನಡುವೆ ಒಂದು ಕೋಣೆ, ಮೂಲೆಯಲ್ಲಿ ಅಕ್ಕಿಯ ಚೀಲ, ಗೋಡೆಗೆ ತೂಗುಹಾಕಿದ ವಾಕಿಟಾಕಿ. ಬೆಳಿಗ್ಗೆ ಗಸ್ತಿಗೆ ಹೊರಟ ವಾಚರುಗಳಲ್ಲಿ ಮುಂದೆ ನಡೆಯುವವನು ಬಹುಪಾಲು ಕಾಡಿನ ಬುಡಕಟ್ಟಿನವನು, ಜೇನುಕುರುಬರವನೋ ಸೋಲಿಗರವನೋ ಆಗಿರುತ್ತಾನೆ. ನೆಲ ನೋಡುತ್ತಲೇ, ಯಾವ ಪ್ರಾಣಿ ಯಾವಾಗ ಹಾದು ಹೋಯಿತು ಎಂದು ಹೇಳುತ್ತಾನೆ.

ಅದೇ ಜೇನುಕುರುಬರ ಎಷ್ಟೋ ಹಾಡಿಗಳನ್ನು ಈ ಅಭಯಧಾಮಗಳಿಗಾಗಿ ಎಬ್ಬಿಸಲಾಗಿದೆ. ಕೆಲವರು ಕಬಿನಿಯ ಹಿನ್ನೀರಿಗೂ ನೆಲೆ ಕಳೆದುಕೊಂಡರು. ಹುಣಸೂರು ಬಳಿಯ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಕೆಲವರಿಗೆ ಜಮೀನು, ಮನೆ ಸಿಕ್ಕಿತು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಬಂದೂಕು ಹಿಡಿದು ಮೋಜಿಗೆ ಕೊಂದವರು ಇವರಲ್ಲ. ಆ ಮೋಜಿನ ಬೆಲೆ ಮಾತ್ರ ಇವರ ತಲೆಗೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಇವರ ಹಕ್ಕನ್ನು ಒಪ್ಪಿಕೊಂಡಿದೆ. ಆ ಕಾಯ್ದೆಯಡಿ ಬಂದ ಪ್ರತಿ ಅರ್ಜಿಯನ್ನೂ ಗ್ರಾಮಸಭೆಯ ಮುಂದಿಟ್ಟು ನ್ಯಾಯವಾಗಿ ತೀರ್ಮಾನಿಸಬೇಕು. ಗಸ್ತಿನಲ್ಲಿ ಮುಂದೆ ನಡೆಯುವ ಆ ವಾಚರನಿಗೆ ದಿನಗೂಲಿಯ ಬದಲು ಕಾಯಂ ಕೆಲಸ, ವಿಮೆ, ಪಿಂಚಣಿ ಸಿಗಬೇಕು. ಬೇಟೆ ನಿಂತ ಕಾಡನ್ನು ದಿನವೂ ನಡೆದು ಉಳಿಸುತ್ತಿರುವವನು ಅವನೇ.