ಪ್ರವಾಸದ ಹಗಲು, ಪ್ರವಾಸದ ಇರುಳು

(ಚಿಕ್ಕೋಡಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಡಿಸೆಂಬರ್ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶಾಲೆ ಕಾಲೇಜುಗಳಿಂದ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಅಥಣಿಯ ದಾರಿ ಹಿಡಿದವು ವಿಜಯಪುರಕ್ಕೆ, ನಿಪ್ಪಾಣಿಯಿಂದ ಆಜರಾ ದಾಟಿ ಅಂಬೋಲಿ ಘಟ್ಟ ಇಳಿದವು ಗೋವಾಕ್ಕೆ. ಆಗ ಅನೇಕ ಮನೆಗಳಲ್ಲಿ ಮಗನ ಕೈಗೆ ಹಣ ಕೊಡಲಾಗುತ್ತದೆ. ರಾತ್ರಿ ಎಲ್ಲಿ ತಂಗುವೆ ಎಂದು ಯಾರೂ ಕೇಳುವುದಿಲ್ಲ. ಮಗಳಿಗೆ ಮಾತ್ರ ಕಾರಣವನ್ನೂ ಹೇಳದೆ ಬೇಡವೆನ್ನಲಾಗುತ್ತದೆ. ಈ ಎರಡೂ ನಿಲುವುಗಳನ್ನು ಬದಲಿಸಬೇಕೆಂಬುದೇ ನಮ್ಮ ಇಂದಿನ ಮಾತು.

ಪ್ರವಾಸವು ಮೋಜಿಗಷ್ಟೇ ಸೇರಿದ್ದಲ್ಲ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಅಂತ್ಯವೇನಾಯಿತೆಂದು ನೋಡುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಆದೇಶಿಸುತ್ತದೆ. ಇಬ್ನ್ ಬತೂತಾ 1325ರಲ್ಲಿ ಟಾಂಜಿಯರ್ ತೊರೆದಾಗ ಅವರ ವಯಸ್ಸು ಇಪ್ಪತ್ತೊಂದು, ಅಂದರೆ ನಮ್ಮ ಪದವಿ ವಿದ್ಯಾರ್ಥಿಗಳ ವಯಸ್ಸು. ಮುಂದೆ ಅವರು ನಮ್ಮ ಹೊನ್ನಾವರಕ್ಕೂ ಬಂದರು. ಅಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಶಾಲೆಗಳನ್ನು ಕಂಡುದಾಗಿ ದಾಖಲಿಸಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಹೆಣ್ಣುಮಕ್ಕಳಿಗೆ ಅಷ್ಟು ಶಾಲೆಗಳಿದ್ದ ನಾಡಿನಲ್ಲಿ, ಇಂದು ಅವರಿಗೆ ಬಸ್ಸಿನಲ್ಲಿ ಒಂದು ಆಸನ ಸಿಗದಿರುವುದು ಯಾವ ಧರ್ಮರಕ್ಷಣೆ?

ಇನ್ನು ಹೋದವರು ಏನು ನೋಡುತ್ತಾರೆ? ಗೋಲ್ ಗುಂಬಜಿನ ಪಿಸುಗುಟ್ಟುವ ಮೊಗಸಾಲೆಗೆ ಏರಿ, ಕೂಗಿ, ಸಿಳ್ಳೆ ಹೊಡೆದು, ಫೋಟೊ ತೆಗೆದು ಇಳಿಯುತ್ತಾರೆ. ಅದು 1656ರಲ್ಲಿ ನಿಧನರಾದ ಮುಹಮ್ಮದ್ ಆದಿಲ್ ಶಾಹರ ಗೋರಿ ಎಂಬ ನೆನಪು ಎಷ್ಟು ಜನರಿಗಿರುತ್ತದೆ? ಹೊರವ್ಯಾಸ ಸುಮಾರು 44 ಮೀಟರ್ ಇರುವ ಆ ಗುಮ್ಮಟವು ಒಳಗೆ ಒಂದೂ ಕಂಬವಿಲ್ಲದೆ, ಒಂದನ್ನೊಂದು ಛೇದಿಸುವ ಕಮಾನುಗಳ ಮೇಲೆ ನಿಂತಿರುವುದು ಹೇಗೆಂದು ಗಣಿತದ ಅಧ್ಯಾಪಕರು ಅಲ್ಲಿಯೇ ವಿವರಿಸಬಾರದೇ? ಊರಿಗೆ ನೀರುಣಿಸಲು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬನ್ನೂ, ಇಬ್ರಾಹೀಂ ರೋಜಾದ ಕಲ್ಲಿನಲ್ಲಿ ಕೊರೆದ ಅಕ್ಷರಗಳನ್ನೂ ನೋಡದೆ ಬಸ್ಸು ಮುಂದೆ ಸಾಗುತ್ತದೆ.

ನೋಡಬೇಕಾದ ಇನ್ನೊಂದು ಸತ್ಯವೂ ಅಲ್ಲಿದೆ. ದಖ್ಖನಿನ ಇತಿಹಾಸವನ್ನು ಎರಡು ಧರ್ಮಗಳ ಕಾಳಗವೆಂದು ಇಂದು ವೇದಿಕೆಗಳಲ್ಲಿ ಬೋಧಿಸಲಾಗುತ್ತಿದೆ. ಆದರೆ ಶಿವಾಜಿ ಮಹಾರಾಜರ ತಂದೆ ಶಹಾಜಿ ಭೋಸಲೆ ಇದೇ ಆದಿಲ್ ಶಾಹಿಯ ಸರದಾರರಾಗಿದ್ದರು. ‘ಕಿತಾಬ್-ಎ-ನವರಸ್’ ರಚಿಸಿದ ಎರಡನೆಯ ಇಬ್ರಾಹೀಮರು ಜಗದ್ಗುರು ಎನಿಸಿಕೊಂಡರು. 1686ರಲ್ಲಿ ಈ ಮುಸ್ಲಿಮ್ ರಾಜ್ಯವನ್ನು ಅಳಿಸಿದವರು ಮುಸ್ಲಿಮ್ ಚಕ್ರವರ್ತಿ ಔರಂಗಜೇಬರೇ. ಹಿಂದೂ ಮುಸ್ಲಿಮ್ ಮಕ್ಕಳು ಒಟ್ಟಿಗೆ ನಿಂತು ಇದನ್ನು ಕೇಳಿದರೆ ದ್ವೇಷದ ಭಾಷಣ ಅವರಿಗೆ ನಾಟದು.

ಗೋವಾದ ಮಾತಿಗೆ ಬರೋಣ. 1510ರಲ್ಲಿ ಪೋರ್ಚುಗೀಸರು ಗೆದ್ದುಕೊಳ್ಳುವವರೆಗೆ ಅದೂ ಬಿಜಾಪುರದ ಅಧೀನದಲ್ಲಿತ್ತು. ಪಣಜಿಯಲ್ಲಿ ಮಾಂಡೋವಿ ನದಿಯ ದಡದಲ್ಲಿ ಆದಿಲ್ ಶಾಹರ ಅರಮನೆ ಇಂದಿಗೂ ನಿಂತಿದೆ. ನಮ್ಮ ಹುಡುಗರು ಅದರ ಮುಂದೆಯೇ ನಡೆಯುತ್ತಾರೆ. ಅವರ ಕಣ್ಣು ಮಾತ್ರ ನದಿಯಲ್ಲಿ ಮಿನುಗುವ ಜೂಜಿನ ಹಡಗುಗಳ ಮೇಲಿರುತ್ತದೆ. ಹಗಲು ಮನಸ್ಸಿಗೆ ಏನನ್ನೂ ಕೊಡದಿದ್ದಾಗ ಆ ಬರಿದನ್ನು ಇರುಳು ತುಂಬುತ್ತದೆ. ಮದ್ಯ, ಜೂಜು, ಸ್ನೇಹಿತರ ಒತ್ತಾಯ, ಮನೆಯಲ್ಲಿ ಹೇಳಲಾಗದ ಗುಟ್ಟು ಇವೆಲ್ಲ ಅಲ್ಲಿಂದಲೇ ಆರಂಭ.

ಇದನ್ನು ಕೇವಲ ಮೌಲ್ವಿಗಳ ಗೊಣಗಾಟವೆಂದು ತಳ್ಳಿಹಾಕಬೇಡಿ. ಯುರೋಪಿನ ಪ್ರಾಚೀನ ರಾಜಧಾನಿ ಪ್ರಾಗ್ ನಗರದಲ್ಲಿ ಹಗಲು ಕೋಟೆ ನೋಡಿ, ಇರುಳು ಗುಂಪುಗೂಡಿ ಒಂದು ಪಾನಗೃಹದಿಂದ ಇನ್ನೊಂದಕ್ಕೆ ಅಲೆಯುವುದು ಯುವ ಪ್ರವಾಸಿಗರ ರೂಢಿಯಾಗಿತ್ತು. ನಿವಾಸಿಗಳು ನಿದ್ದೆಗೆಟ್ಟು ದೂರಿದರು. 2024ರಲ್ಲಿ ಅಲ್ಲಿನ ನಗರಾಡಳಿತವು ರಾತ್ರಿ 10ರಿಂದ ಬೆಳಗಿನ 6ರವರೆಗೆ ಇಂತಹ ಸಂಘಟಿತ ಪಾನಯಾತ್ರೆಗಳನ್ನು ನಿಷೇಧಿಸಿತು. ಮದ್ಯವನ್ನು ನಿಷಿದ್ಧವೆನ್ನದ ಸಮಾಜವೂ ಮಿತಿ ಹಾಕಬೇಕಾಯಿತು.

ಹಾಗಾದರೆ ಪ್ರವಾಸವನ್ನೇ ನಿಲ್ಲಿಸಬೇಕೇ? ಬೇಡ, ಅದನ್ನು ಸುಧಾರಿಸೋಣ. ಹೊರಡುವ ಮುನ್ನ ಆ ಸ್ಥಳದ ಬಗ್ಗೆ ಒಂದು ತಾಸು ಪಾಠವಾಗಲಿ. ಒಂದೇ ದಿನ ಹತ್ತು ಸ್ಥಳಗಳಿಗೆ ಓಡದೆ ಮೂರನ್ನು ಸಾವಧಾನವಾಗಿ ನೋಡಲಿ. ಅಧ್ಯಾಪಕಿಯರು ಜೊತೆಗಿರಲಿ, ತಂಗುವ ಸ್ಥಳದ ವಿವರ ಪಾಲಕರ ಕೈಸೇರಲಿ, ಹೆಣ್ಣುಮಕ್ಕಳೂ ಹೋಗಲಿ. ಶುಲ್ಕ ಕೊಡಲಾಗದ ಮಗುವಿನ ಭಾರವನ್ನು ಮೊಹಲ್ಲಾದ ಉಳ್ಳವರು ಹೊರಲಿ. ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ನಾಯಕರನ್ನಾಗಿ ಆರಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪ್ರತಿ ತಂಡಕ್ಕೂ ಅಂತಹ ಹೊಣೆಗಾರನಿರಲಿ. ರಾತ್ರಿ ಊಟದ ಬಳಿಕ ಎಲ್ಲರೂ ಕುಳಿತು ಅಂದು ಕಂಡುದನ್ನು ಹೇಳಲಿ, ಬರೆಯಲಿ.

ಪಾಲಕರೇ, ಮಕ್ಕಳು ಮರಳಿದ ದಿನ ಖರ್ಚೆಷ್ಟಾಯಿತೆಂದು ಮಾತ್ರ ಕೇಳಬೇಡಿ. ಏನು ಕಂಡಿರಿ ಎಂದು ಕೇಳಿರಿ. ಉತ್ತರ ಕೇಳಲು ಕುಳಿತುಕೊಳ್ಳುವ ಪಾಲಕರಿರುವ ಮನೆಯ ಮಗು ದಾರಿ ತಪ್ಪುವ ಮುನ್ನ ಒಮ್ಮೆ ಯೋಚಿಸುತ್ತದೆ. ನೋಡುವ ಕಣ್ಣನ್ನೂ ಪಾಠ ಕಲಿಯುವ ಹೃದಯವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.