ಸೂಜ ಅಂದ್ರೆ ಸೂಜಿ ಅಲ್ಲ



ಇವತ್ತು ಬಸಿರು, ಬಾಣಂತನದ ಮಾತು. ಗಂಡಸರೂ ಕೂತು ಕೇಳ್ರಿ, ಎದ್ದು ಹೋಗಬ್ಯಾಡ್ರಿ.

ನಮ್ಮ ಜತ್ತ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ದವಾಖಾನೆ ಮಾತ್ರ ಮಹಾರಾಷ್ಟ್ರದ್ದು. ಅಲ್ಲಿ ಮಾತು ಮರಾಠಿ, ಕಾರ್ಡು ಮರಾಠಿ. ಇಲ್ಲೇ ಹುಟ್ಟಿದವರಿಗೆ ಸಂತೆಯಲ್ಲಿ ಆಡುವಷ್ಟು ಮರಾಠಿ ಬರತದ. ಇಂಡಿ, ಚಡಚಣದ ಕಡೆಯಿಂದ ಸೊಸೆಯಾಗಿ ಬಂದವರ ಪಾಡೇನು?

ನನ್ನ ವೈನಿ ಇಂಡಿ ಕಡೆಯವಳು. ಎರಡನೆಯ ಬಸಿರು, ಎಂಟು ತಿಂಗಳು ತುಂಬಿತ್ತು. ತಪಾಸಣೆಗೆ ಕರೆದುಕೊಂಡು ಹೋದೆ. ನಾನು ಹೊರಗೆ ಔಷಧದ ಸಾಲಿನಲ್ಲಿ ನಿಂತೆ. ಅವಳೊಬ್ಬಳೇ ಒಳಗೆ ಹೋದಳು. ನರ್ಸಬಾಯಿ ಕೇಳಿದರು: "ಪಾಯಾಲಾ ಸೂಜ ಆಲೀ ಆಹೇ ಕಾ?"

ವೈನಿಯ ಕಿವಿಗೆ ಬಿದ್ದದ್ದು ಒಂದೇ ಮಾತು, ಸೂಜಿ. ಕಾಲಿಗೆ ಸೂಜಿ ಚುಚ್ಚತಾರ ಅಂತ ಹೆದರಿ ಗೋಣು ಅಲ್ಲಾಡಿಸಿದಳು. ನರ್ಸಬಾಯಿ "ಇಲ್ಲ" ಅಂತ ಬರೆದುಕೊಂಡರು. ಬಿ.ಪಿ. ಯಂತ್ರ ಅವತ್ತು ಕೆಟ್ಟಿತ್ತು.

ಮರಾಠಿಯಲ್ಲಿ ಸೂಜ ಅಂದ್ರೆ ಬಾವು. ವೈನಿಯ ಕಾಲುಂಗುರ ಬೆರಳಿಗೆ ಕಚ್ಚಿ ಕೂತು ಎಂಟು ದಿನ ಆಗಿತ್ತು.

ಮೂರನೆಯ ದಿನ ತಲೆನೋವು ಬಂತು. ಕಣ್ಣು ಮಂಜಾದವು. ಬಿಸಿಲಿಗೆ ಅಂತ ನಾವು ಸುಮ್ಮನಾದೆವು. ರಾತ್ರಿ ಝಟಕೆ ಬಂದು ಹಲ್ಲು ಕಚ್ಚಿದಳು. ಅವ್ವ ಗಾಳಿ ಸೋಂಕು ಅಂದಳು. ಜೀಪು ಹುಡುಕಿ ದೊಡ್ಡ ದವಾಖಾನೆಗೆ ಒಯ್ದೆವು. ವೈನಿ ಉಳಿದಳು. ಕೂಸು ಉಳಿಯಲಿಲ್ಲ.

ನರ್ಸಬಾಯಿ ಕೆಟ್ಟವರಲ್ಲ. ಆದರೂ ಒಂದು ಸಲ ಬಗ್ಗಿ ಕಾಲು ನೋಡಬಹುದಿತ್ತು, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಮರಾಠಿ ಬರುವ ನಾನು ಹೊರಗೆ ನಿಂತಿದ್ದೆ. ಅದೂ ಹೋಗಿಲ್ಲ.

ನೋಡ್ರಿ, ಬಸುರಿಗೆ ಸಂಜೆ ಕಾಲು ತುಸು ಬಾಯುವುದುಂಟು. ಮಲಗಿ ಎದ್ದರೆ ಇಳಿಯತದ. ಇಳಿಯದಿದ್ದರೆ, ಮುಖ, ಕೈ ಬಾತರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಅದು ರಕ್ತದ ಒತ್ತಡ ಏರಿದ್ದು ಇರಬಹುದು. ಬೆಳಗಾಗಲಿ ಅಂತ ಕಾಯಬ್ಯಾಡ್ರಿ. 108ಕ್ಕೆ ಫೋನ್ ಮಾಡ್ರಿ, ಗಾಡಿಗೆ ರೊಕ್ಕ ಇಲ್ಲ. ಮರಾಠಿಯಲ್ಲಿ ಈ ಒತ್ತಡಕ್ಕೆ "ರಕ್ತದಾಬ" ಅಂತಾರ. ನೀವು ಅಂಕಿ ಕಲಿತೀರಿ. ಕಾರ್ಡಿನಲ್ಲಿ ನೋಡ್ರಿ: ಮೇಲಿನದು 140 ಇಲ್ಲವೆ ಕೆಳಗಿನದು 90 ಮುಟ್ಟಿದರೆ ಡಾಕ್ಟರರನ್ನು ಕೇಳಲೇಬೇಕು. ಆ ಜಾಗ ಖಾಲಿ ಇದ್ದರೂ ಕೇಳ್ರಿ, ಯಾಕೆ ನೋಡಿಲ್ಲ ಅಂತ.

ಮೋಸ ಮಾಡುವ ಮಾತು ಇನ್ನೂ ಅದಾವ. "ಬಾಳ ಹಲತಂ ಕಾ?" ಅಂತ ಕೇಳತಾರ. ಅದು ನಮ್ಮ "ಭಾಳ" ಅಲ್ಲ. ಬಾಳ ಅಂದ್ರೆ ಕೂಸು. ಹೊಟ್ಟೆಯೊಳಗೆ ಕೂಸು ಮಿಸುಕತದ ಏನು ಅಂತ ಕೇಳೂದು. ಮಿಸುಕಾಟ ಕಡಿಮೆ ಆಗಿದ್ದರೆ ಮುಚ್ಚಿಡಬ್ಯಾಡ್ರಿ. "ಕಳಾ ಯೇತಾತ ಕಾ?" ಅಂದ್ರೆ ಬ್ಯಾನಿ ಬರತಾವ ಏನು ಅಂತ. ಮಾರಿ ಮ್ಯಾಲಿನ ಕಳೆ ಅಲ್ಲ! (ನಗಬ್ಯಾಡ್ರಿ, ಹಂಗ ತಿಳಿದು ನಾಚಿಕೊಂಡವರನ್ನು ನಾನು ಕಂಡೀನಿ.) ತಿಳಿಯದಿದ್ದರೆ ಗೋಣು ಹಾಕಬ್ಯಾಡ್ರಿ. "ಕಳಲಂ ನಾಹೀ, ಪುನ್ಹಾ ಸಾಂಗಾ" ಅನ್ರಿ. ತಿಳಿಯಲಿಲ್ಲ, ಮತ್ತೊಮ್ಮೆ ಹೇಳ್ರಿ ಅಂತ ಅದರ ಅರ್ಥ.

ಒಬ್ಬರೇ ಒಳಗೆ ಹೋಗಬ್ಯಾಡ್ರಿ. ಹೆರಿಗೆಯ ಹೊತ್ತಿಗೆ ಸರಕಾರಿ ದವಾಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಜೊತೆಗಿರಬಹುದು ಅಂತ 2016ರಲ್ಲಿ ಕೇಂದ್ರ ಸರಕಾರ ಹೇಳಿದೆ. ಮರಾಠಿ ಬರುವವರನ್ನೇ ಕರೆದುಕೊಂಡು ಹೋಗ್ರಿ. ಆಶಾತಾಯಿ ಆದರೂ ಸರಿ.

ಹೆರಿಗೆಗೆ ತವರಿಗೆ, ವಿಜಯಪುರದ ಕಡೆ ಹೋಗುವವರು ಈ ಕಾರ್ಡು ಬಿಟ್ಟು ಹೋಗಬ್ಯಾಡ್ರಿ. ಅಲ್ಲಿ ತಾಯಿ ಕಾರ್ಡು ಬೇರೆ ಅದ. ಅಲ್ಲಿಯ ನರ್ಸಿಗೆ ಮರಾಠಿ ಓದಲಿಕ್ಕೆ ಬರದಿದ್ದರೂ ತಾರೀಖು, ತೂಕ, ಬಿ.ಪಿ., ರಕ್ತದ ಅಂಕಿ ತಿಳಿಯತಾವ.

ಈಗ ಪಾಟಿ ತೆಗೀರಿ. ಎಡಕ್ಕೆ "ಸೂಜ" ಬರೀರಿ, ಬಲಕ್ಕೆ "ಬಾವು". ಅದರ ಕೆಳಗೆ "ಬಾಳ", "ಕೂಸು".