ಖಂಜನದ ನೆರೆಯಲ್ಲಿ

ಕವಿಗಳು ಚೆಲುವೆಯರ ಕಣ್ಣಿಗೆ ಹೋಲಿಸಿದ ಖಂಜನ ಪಕ್ಷಿಯ ಪ್ರಥಮ ದರ್ಶನದ ಶುಭಾಶುಭಗಳಿಗೆ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿ ಅದು ಸಿಪಿಲೆ. ಕುಂಡೆಕುಸ್ಕ ಎಂಬುದು ಇನ್ನೊಂದು ಹೆಸರು. ಈ ಹೆಸರು ಸಭ್ಯರಿಗೆ ರುಚಿಸದಿರಬಹುದು, ಆದರೆ ಹಕ್ಕಿಯ ಸ್ವಭಾವವನ್ನು ಅದೇ ಚೆನ್ನಾಗಿ ಹೇಳುತ್ತದೆ. ಗುಬ್ಬಿಯಂತೆ ಕುಪ್ಪಳಿಸದೆ ಹೆಜ್ಜೆಯಿಟ್ಟು ನಡೆಯುವ ಇದು, ನಿಂತಲ್ಲಿ ನಿಲ್ಲದೆ ಬಾಲ ಕುಣಿಸುತ್ತದೆ.

ಕಲಬುರಗಿಯ ಅಪ್ಪನ ಕೆರೆಯಂತಹ ನೀರಿನ ದಂಡೆಗೆ ಚಳಿಗಾಲದಲ್ಲಿ ಹೋದಾಗ ನಾನು ಮೊದಲು ನೋಡುವುದು ಹಣೆಯನ್ನು. ಹಣೆ ಬಿಳುಪು, ಬೆನ್ನು ಬೂದುಬಣ್ಣವಿದ್ದರೆ ಅದು ಉತ್ತರದ ಅತಿಥಿ. ಬೇಸಗೆ ಬಲಿಯುವ ಮುನ್ನ ಹೊರಟುಹೋಗುತ್ತದೆ. ಹಣೆ ಕಪ್ಪಾಗಿ, ಹುಬ್ಬು ಮಾತ್ರ ಬೆಳ್ಳಗಿದ್ದರೆ ಅದು ನಮ್ಮ ನಿವಾಸಿ. ಅದರ ಶಾಸ್ತ್ರೀಯ ನಾಮದಲ್ಲಿಯೇ ಮದರಾಸು ಅಡಗಿದೆ. ಬೇಸಗೆಯ ಮುಂಜಾವಿನಲ್ಲಿ ಮಾಳಿಗೆಯ ಮೇಲೆ ಕುಳಿತು ಇಂಪಾಗಿ ಹಾಡುವುದು ಇದೇ. ಗೋಡೆಯ ಬಿರುಕು, ಸೇತುವೆಯ ಸಂದು ಇದರ ಗೂಡಿಗೆ ಸಾಕು. ಆದರೆ ಮರಿಗಳಿಗೆ ಬೇಕಾದ ಹುಳು ಹುಪ್ಪಟೆಗಳು ಸಿಗುವುದು ನೀರಂಚಿನ ಹಸಿ ನೆಲದಲ್ಲಿ. ಕೆರೆಯಂಚನ್ನೆಲ್ಲ ಕಲ್ಲು ಗಾರೆಗಳಿಂದ ಒಪ್ಪಗೊಳಿಸುವವರು ಈ ಹಕ್ಕಿಗೆ ಮನೆಯನ್ನು ಕೊಟ್ಟು ಅನ್ನವನ್ನು ಕಸಿಯುತ್ತಾರೆ. ಅತಿಥಿಗೆ ಬೇರೆ ದಾರಿಯುಂಟು, ನಿವಾಸಿಗೆ ಎಲ್ಲಿದೆ?

ಇದರ ಬಡ ಬಂಧುವೊಂದನ್ನು ನೋಡಲು ಊರು ದಾಟಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ದಾರಿ ಹಿಡಿಯಬೇಕು. ತೋಟಗಳಾಚೆಯ ಹುಲ್ಲುಬಯಲಿನಲ್ಲಿ ಮಣ್ಣಿನ ಬಣ್ಣದ ಪಿಪಿಟ್ ಹಕ್ಕಿ ಓಡಾಡುತ್ತದೆ. ಗೂಡು ನೆಲದ ಮೇಲೆಯೇ, ಹುಲ್ಲಿನ ಬುಡದಲ್ಲಿ. ದನದ ಗೊರಸಿಗೂ ನೇಗಿಲಿಗೂ ತೆರೆದದ್ದು. ಯಾವ ಕವಿಯೂ ಇದನ್ನು ಉಪಮೆಗೆ ಕರೆದಂತೆ ಕಾಣೆ. ಕಾಲ ಸಪ್ಪಳಕ್ಕೆ ಬೆದರಿ ಹಾರುವಾಗ ಬಾಲದಂಚಿನ ಬಿಳಿಗೆರೆ ಒಮ್ಮೆ ಮಿಂಚುತ್ತದೆ. ಸಿಪಿಲೆಯ ಮನೆತನದ ಗುರುತು ಅಷ್ಟೇ.